ಕಪ್ಪಾಗದೆ ಉಳಿದದ್ದು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ತುಕ್ಕಮ್ಮ ಎಂದೇ ಕರೆಯುತ್ತಿದ್ದರು. ಕರೆಯದೆ ಇನ್ನೇನು? ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದೆಂದು ಲೋಕವೆಲ್ಲ ಒದ್ದಾಡುವಾಗ, ಇವಳೊಬ್ಬಳು ತುಕ್ಕು ಹಿಡಿಸುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದಳು. ಅದೂ ಎಂಥ ತುಕ್ಕು! ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಒಂದೊಂದಕ್ಕೂ ಸಕ್ಕರೆಯಂಥ ಹೊದಿಕೆ. ನೀರಿಗೆ ಬೆರೆತರೆ ಹಾಲಿಲ್ಲದ ಚಹಾದ ಬಣ್ಣ. ಅದನ್ನು ರಕ್ತಕ್ಕೆ ಹನಿಸಿ ಮಾರನೆಯ ದಿನ ಸ್ಕ್ಯಾನ್ ಮಾಡಿದರೆ, ಆರೋಗ್ಯವಾಗಿರುವ ದುಗ್ಧರಸ ಗ್ರಂಥಿಗಳು ಕಣಗಳನ್ನು ನುಂಗಿ ಕಪ್ಪಗೆ ಕಾಣುತ್ತವೆ. ಕ್ಯಾನ್ಸರ್ ಹೊಕ್ಕ ಗ್ರಂಥಿ ನುಂಗುವುದಿಲ್ಲ, ಬೆಳ್ಳಗೇ ಉಳಿಯುತ್ತದೆ.

ಆ ಕಂದು ನೀರು ಯಾರ ಮೈಗೆ ಹೋಗುತ್ತದೆಂದು ಇಷ್ಟು ವರ್ಷ ಅವಳು ತಲೆ ಕೆಡಿಸಿಕೊಂಡವಳಲ್ಲ. ಈ ಸಲ ಅದು ಹೋಗುತ್ತಿದ್ದದ್ದು ಅಕ್ಕನ ತೋಳಿಗೆ. ಅಕ್ಕನ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ಅದು ಕಂಕುಳಿನ ಗ್ರಂಥಿಗಳಿಗೂ ಹಬ್ಬಿದೆಯೋ ಇಲ್ಲವೋ ಎಂಬುದು ಈಗ ಗೊತ್ತಾಗಬೇಕಿತ್ತು.

“ಅಡುಗೆಮನೆ ಕಡೆ ತಲೆ ಹಾಕಿಯೂ ಮಲಗದವಳು, ಕೊನೆಗೂ ಅಕ್ಕಂಗೆ ಅಂತ ಏನೋ ಮಾಡಿದೀಯಲ್ಲೇ,” ಎಂದಳು ಅಕ್ಕ, ತೂಗುಹಾಕಿದ್ದ ಸೀಸೆಯನ್ನು ನೋಡುತ್ತ. “ನೋಡಿದ್ರೆ ಆರಿಹೋದ ಚಹಾ ಇದ್ದಂಗಿದೆ.”

“ಸುಮ್ನೆ ಮಲ್ಕೋ. ನಿನ್ನ ಬಾಯಿಗೆ ಬೀಗ ಹಾಕೋ ಔಷಧಿ ಇನ್ನೂ ಯಾರೂ ಕಂಡುಹಿಡಿದಿಲ್ಲ.”

ಹನಿಗಳು ನಿಧಾನವಾಗಿ ಬೀಳುತ್ತಿದ್ದವು. ಮಧ್ಯಾಹ್ನದ ಬಿಸಿಲು ಕಿಟಕಿಯ ಪರದೆಯಲ್ಲಿ ಸೋಸಿಕೊಂಡು ನೆಲಕ್ಕೆ ಇಳಿದಿತ್ತು. ಹನಿ ನೋಡುತ್ತ ನೋಡುತ್ತ ತುಕ್ಕಮ್ಮನಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತು.

ಕನಸಿನಲ್ಲಿ ಅವಳೂ ಒಂದು ಕಣವಾಗಿದ್ದಳು. ಬೆಚ್ಚಗಿನ ಹೊಳೆಯೊಂದು ಅವಳನ್ನು ಹೊತ್ತು ಸಾಗುತ್ತಿತ್ತು. ಎಲ್ಲೋ ದೂರದಲ್ಲಿ ಅಕ್ಕನ ಹೃದಯ ಬಡಿಯುವ ಸದ್ದು, ಹೊಳೆಯ ತುಂಬ ಅದರ ತೂಗಾಟ. ಹೊಳೆ ಕವಲೊಡೆದು ಓಣಿಗಳಾಯಿತು. ಓಣಿಯ ಎರಡೂ ಕಡೆ ದುಂಡಗಿನ ಮನೆಗಳು. ಬಾಗಿಲುಗಳು ತೆರೆದುಕೊಂಡು, ಯಾರೋ ಕಣಗಳನ್ನು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದರು. ಕಣಗಳು ಹೊಕ್ಕಂತೆಲ್ಲ ಮನೆಯೊಳಗೆ ತಂಪು ಕತ್ತಲು ತುಂಬುತ್ತಿತ್ತು. ಅಷ್ಟು ಹಿತವಾದ ಕತ್ತಲನ್ನು ಅವಳು ಕಂಡೇ ಇರಲಿಲ್ಲ. ಓಣಿಯ ತುದಿಯಲ್ಲಿ ಮುಚ್ಚಿದ ಬಾಗಿಲೊಂದಿತ್ತು. ‘ತೆಗೀರಿ, ನಾನು ಈ ಮನೆಯವಳ ತಂಗಿ’ ಎಂದು ಅವಳು ಕೈಯೆತ್ತಿದಳು.

“ಏ, ಏಳೇ. ಗೊರಕೆಗೆ ನರ್ಸು ಹೆದರ್ಕೊಂಡು ಬಂದಿದಾಳೆ,” ಎಂದು ಅಕ್ಕ ಎಬ್ಬಿಸಿದಳು.

ಮಾರನೆಯ ದಿನ ಸ್ಕ್ಯಾನ್ ಮುಗಿಯಿತು. ಡಾಕ್ಟರು ತುಕ್ಕಮ್ಮನನ್ನು ಕಂಪ್ಯೂಟರ್ ಪರದೆಯ ಮುಂದೆ ಕರೆದರು. ಮೂರು ಗ್ರಂಥಿಗಳು ಕಪ್ಪಾಗಿದ್ದವು. ನಾಲ್ಕನೆಯದು ಚಿಕ್ಕದು, ಬೆಳ್ಳಗಿತ್ತು.

“ನಿಮ್ಮನ್ನೇ ಕೇಳ್ಬೇಕು ಮೇಡಂ,” ಎಂದರು ಡಾಕ್ಟರು. “ಹೊದಿಕೆ ಸರಿಯಾಗಿ ಕೂತಿಲ್ದಿದ್ರೆ ಕಣ ಎಲ್ಲಾ ಕಡೆ ತಲುಪಲ್ಲ. ಆಗ ಒಳ್ಳೆ ಗ್ರಂಥೀನೂ ಬೆಳ್ಳಗೇ ಕಾಣಬಹುದು. ನಿಮಗೆ ಸ್ವಲ್ಪ ಅನುಮಾನ ಇದ್ರೂ ಈ ಸ್ಕ್ಯಾನ್ ಬಿಟ್ಟು, ಮುಂದಿನ ತಿಂಗಳು ಇನ್ನೊಂದ್ಸಲ ನೋಡೋಣ. ಇಲ್ಲಾಂದ್ರೆ ಆಪರೇಷನ್ ಮಾಡಿ ಆ ಗ್ರಂಥೀನೂ ತೆಗೀಬೇಕು, ಬೇಗ.”

ಅಷ್ಟರಲ್ಲಿ ಅಕ್ಕ ಸೀರೆ ಸರಿಮಾಡಿಕೊಳ್ಳುತ್ತ ಒಳಗೆ ಬಂದು ಪರದೆಯನ್ನು ಇಣುಕಿ ನೋಡಿದಳು. “ಅಯ್ಯೋ, ಎಲ್ಲಾ ಮಸಿ ಬಳ್ಕೊಂಡು ಕೂತಿವೆ. ಸದ್ಯ, ಅದೊಂದಾದ್ರೂ ಬೆಳ್ಳಗೆ ಚೆನ್ನಾಗಿದೆ.”

ಅನುಮಾನವಿದೆ ಎಂದು ತುಕ್ಕಮ್ಮ ಒಂದು ಮಾತು ಅಂದರೆ ಸಾಕು, ಅಕ್ಕ ನಗುನಗುತ್ತ ಮನೆಗೆ ಹೋಗುತ್ತಾಳೆ, ಒಂದು ತಿಂಗಳು ನೆಮ್ಮದಿ. ಆಸ್ಪತ್ರೆಗೆ ಕಳಿಸುವ ಮುಂಚೆ ಪ್ರತಿ ಸಲವೂ ಅವಳು ಸೀಸೆಯನ್ನು ಅಲುಗಾಡಿಸದೆ ಇಟ್ಟು ತಳ ನೋಡುವವಳು; ಹೊದಿಕೆ ಕೆಟ್ಟಿದ್ದರೆ ಕಣಗಳು ಮುದ್ದೆಗಟ್ಟಿ ತಳ ಹಿಡಿಯುತ್ತವೆ. ಈ ಸಲ ಅಕ್ಕನಿಗೆಂದು, ಯಾರೂ ಹೇಳದಿದ್ದರೂ, ಮತ್ತೆ ಮತ್ತೆ ನೋಡಿದ್ದಳು, ತಳದಲ್ಲಿ ಚೂರೂ ಗಸಿ ಇರಲಿಲ್ಲ. ಹಿಗ್ಗಿ ಹೀರೇಕಾಯಿ ಆಗಿದ್ದಳು. ಈಗ ಅದೇ ಕೈಕೆಲಸ ಕೆಟ್ಟಿರಬಾರದಿತ್ತೇ ಎಂದು ಅವಳ ಜೀವ ಹಂಬಲಿಸಿತು.

“ಮಾಲು ಚೆನ್ನಾಗಿತ್ತು, ಡಾಕ್ಟ್ರೇ,” ಎಂದಳು.

ಆಮೇಲೆ ಅಕ್ಕನ ಕೈ ಹಿಡಿದುಕೊಂಡಳು. “ಅಕ್ಕಾ, ಕಪ್ಪಗಿರೋವೇ ಒಳ್ಳೇವು ಕಣೇ.”

ಅಕ್ಕ ಪರದೆಯನ್ನು ಮತ್ತೊಮ್ಮೆ ನೋಡಿದಳು. ಮುಖದ ನಗು ಇಳಿಯಿತು.

“ಆ ನೀರು ನೀನೇ ಮಾಡಿದ್ದಲ್ವಾ?”

“ನಾನೇ.”

“ಹಾಗಾದ್ರೆ ಸರಿಯಾಗೇ ಇರುತ್ತೆ,” ಎಂದು ಅಕ್ಕ ಡಾಕ್ಟರ ಕಡೆ ತಿರುಗಿದಳು. “ಯಾವತ್ತು ಆಪರೇಷನ್ನು?”