ಡಿಕ್ಕಿ ಸೀಟು

ಅಕ್ಕನ ಕುರ್ಚಿಯ ಮುಂದೆ ನಾನಿಟ್ಟಿದ್ದ ತಟ್ಟೆಯನ್ನು ಅಮ್ಮ ಎತ್ತಿ ಮೇಜಿನ ತುದಿಗೆ, ಸ್ಟೂಲಿನ ಮುಂದಕ್ಕೆ ತಳ್ಳಿದಳು. ನನ್ನ ಮುಖ ನೋಡಲೂ ಇಲ್ಲ.

"ಅಲ್ಲಿ ನಿಮ್ಮ ಅತ್ತಿಗೆ ಕೂರ್ತಾಳೆ. ನೀನು ಡಿಕ್ಕಿಗೆ ಹೋಗು."

ಅಣ್ಣ ಕಿಸಕ್ಕನೆ ನಕ್ಕ. ಅವನನ್ನು ಮದುವೆಯಾಗಿ ಮೊನ್ನೆ ಮೊನ್ನೆ ಮನೆಗೆ ಬಂದ ಅತ್ತಿಗೆ ಕಣ್ಣರಳಿಸಿದಳು. "ಡಿಕ್ಕೀನಾ?"

ಅಪ್ಪನಿಗೆ ಅಷ್ಟೇ ಬೇಕಿತ್ತು. ನೀರು ಕುಡಿದು ಗಂಟಲು ಸರಿಮಾಡಿಕೊಂಡ.

ನಾನು ಹುಟ್ಟುವ ಮೊದಲು ಇವರೆಲ್ಲ ಒಂದು ಹಳೇ ಕಾರಿನಲ್ಲಿ ದೇಶದ ಈ ತುದಿಯಿಂದ ಆ ತುದಿಗೆ, ಸಮುದ್ರದಿಂದ ಹಿಮದ ಬೆಟ್ಟದವರೆಗೆ ಹೋಗಿ ಬಂದಿದ್ದರು. ಬಂದವರು ಕಾರಿನಿಂದ ಇಳಿದರೇ ಹೊರತು ಸೀಟು ಬಿಡಲಿಲ್ಲ. ಊಟದ ಮೇಜಿನಲ್ಲೂ ಹಾಗೇ ಕೂತರು. ಕಿಟಕಿಯ ಕಡೆ ಅಪ್ಪ, ಅಮ್ಮ. ಅದು ಮುಂದಿನ ಸೀಟು. ಎದುರಿಗೆ ಅಣ್ಣ, ಅಕ್ಕ. ಅದು ಹಿಂದಿನ ಸೀಟು. ಕಾರು ಯಾವತ್ತೋ ಗುಜರಿಗೆ ಹೋಯಿತು, ಸೀಟುಗಳು ಹೋಗಲಿಲ್ಲ. ತಡವಾಗಿ ಹುಟ್ಟಿದವಳಿಗೆ ಕೈತೊಳೆಯುವ ಬೇಸಿನ್ ಪಕ್ಕ ಒಂದು ಸ್ಟೂಲು. ಅದಕ್ಕೆ ಡಿಕ್ಕಿ ಅಂತ ಹೆಸರಿಟ್ಟವನು ಅಣ್ಣ.

ಅಕ್ಕ ಮದುವೆಯಾಗಿ ಹೊರಟಾಗ ಎಲ್ಲರೂ ಅತ್ತರು. ನಾನೂ ಅತ್ತೆ, ಅಳುತ್ತಲೇ ಒಂದು ಕಣ್ಣು ಕುರ್ಚಿಯ ಮೇಲೆ ಇಟ್ಟಿದ್ದೆ. ಯಾರಾದರೂ 'ಬಾರೇ ಇಲ್ಲಿ' ಅನ್ನಲಿ ಅಂತ ಕಾದೆ. ಯಾರೂ ಅನ್ನಲಿಲ್ಲ. ಕುರ್ಚಿಯ ಮೇಲೆ ಒಗೆದ ಬಟ್ಟೆ ಬಿತ್ತು, ಪೇಪರ್ ಬಿತ್ತು. ಇವತ್ತು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಫ್ರೇಮಿಗೆ ಗಾಜು ಕೂರಿಸಿ ಬಂದವಳು, ಧೈರ್ಯ ಮಾಡಿ ನಾನೇ ತಟ್ಟೆ ಇಟ್ಟಿದ್ದೆ.

ಅಪ್ಪನ ಕಥೆಯ ಕಾರು ಆಗಲೇ ಬಯಲು ದಾರಿಯಲ್ಲಿತ್ತು. "ಒಂದು ಮರ ಇಲ್ಲಮ್ಮ, ನರಪಿಳ್ಳೆ ಇಲ್ಲ. ರೇಡಿಯೇಟರ್ ಕೊತಕೊತ ಕುದೀತಿದೆ, ಕ್ಯಾನಲ್ಲಿ ನೀರಿಲ್ಲ. ಆಮೇಲೆ... ಏನೇ ಹಾಕಿದ್ವಿ?"

ಅಮ್ಮನಿಗೂ ನೆನಪಾಗಲಿಲ್ಲ.

"ಫ್ಲಾಸ್ಕಿನ ಚಹಾ," ಅಂದೆ ನಾನು. "ಅಮ್ಮ ಸಕ್ಕರೆ ಹಾಕೋದು ಮರೆತಿದ್ದಳು. ಅದಕ್ಕೇ ಯಾರೂ ಕುಡಿಯದೆ ಉಳಿದಿತ್ತು."

"ನೋಡ್ರಪ್ಪಾ, ಜೊತೇಲೇ ಬಂದಿದ್ದವಳ ಹಾಗೆ!" ಅಂದ ಅಣ್ಣ. ಮೇಜೆಲ್ಲ ನಗು.

"ಅದಾದ ಮೇಲೆ ಬೆಟ್ಟದ ತಿರುವು ಅಲ್ವಾ, ಮಾವ?" ಅಂದಳು ಅತ್ತಿಗೆ. "ಇವರು ಹೇಳಿದ್ರು."

"ಅಬ್ಬಾ, ಎಷ್ಟು ಚುರುಕು ನೋಡೇ!" ಅಪ್ಪನ ಮುಖ ಊರಗಲವಾಯಿತು.

ಅದೇ ಕಥೆ ನಾನು ಹೇಳಿದರೆ ಗೇಲಿ, ಇವಳು ಹೇಳಿದರೆ ಚುರುಕು.

ತಿರುವು ಬಂತು. ಅಲ್ಲಿ ಬ್ರೇಕು ಸರಿಯಾಗಿ ಹಿಡಿದಿರಲಿಲ್ಲವಂತೆ. ಅಪ್ಪ ಎರಡೂ ಕೈಯಲ್ಲಿ ಗಾಳಿಯ ಸ್ಟಿಯರಿಂಗ್ ತಿರುಗಿಸುತ್ತಾನೆ, ಎಲ್ಲರೂ ಒಟ್ಟಿಗೆ ಮೇಜಿನ ಆ ತುದಿಗಿರುವ ಫ್ರಿಜ್ಜಿನ ಕಡೆ ವಾಲುತ್ತಾರೆ. ಯಾವಾಗಲೂ ಹಾಗೇ. ಅತ್ತಿಗೆಗೆ ಯಾರೂ ಹೇಳಿಕೊಡಲಿಲ್ಲ. ಪಕ್ಕದಲ್ಲಿದ್ದ ಅಣ್ಣ ವಾಲಿದ, ಅವಳೂ ಅವನಿಗಿಂತ ಜೋರಾಗಿ ವಾಲಿದಳು, ಇಬ್ಬರ ತಲೆ ಢೀ ಕೊಟ್ಟುಕೊಂಡವು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಕ್ಕನೂ ಹೀಗೇ ಢೀ ಕೊಡ್ತಿದ್ದಳು. ಥೇಟ್ ಹೀಗೇ."

ಸ್ಟೂಲಿಗೆ ಒರಗೂ ಇಲ್ಲ, ಕೈಯೂ ಇಲ್ಲ. ವಾಲಿದರೆ ಬೀಳುತ್ತೇನೆ. ಚಿಕ್ಕವಳಿದ್ದಾಗ ಬಿದ್ದಿದ್ದೇನೆ ಕೂಡ. ಅದಕ್ಕೇ ನೆಟ್ಟಗೆ ಕೂತು, ನನ್ನಿಂದ ಆಚೆಗೆ ವಾಲಿದ ನಾಲ್ಕು ಬೆನ್ನುಗಳನ್ನು ನೋಡುತ್ತಿದ್ದೆ.

ಮೊದಲು ನೆಟ್ಟಗಾದವಳು ಅತ್ತಿಗೆ. ಅವಳ ಕಣ್ಣು ನನ್ನ ಮೇಲೆ ಬಿತ್ತು, ಸ್ಟೂಲಿನ ಮೇಲೆ ಬಿತ್ತು, ತನ್ನ ಕುರ್ಚಿಯ ಮೇಲೆ ಬಿತ್ತು. ನಗು ನಿಂತಿತು. ತಟ್ಟೆ ಎತ್ತಿಕೊಂಡು ಎದ್ದಳು.

"ಬನ್ನಿ, ನೀವಿಲ್ಲಿ ಕೂತ್ಕೊಳ್ಳಿ. ನಂಗೆ ಗೊತ್ತಿರಲಿಲ್ಲ. ನಾನು ಆ ಕಡೆ ಬರ್ತೀನಿ."

"ಅಯ್ಯೋ, ನೀನ್ಯಾಕಮ್ಮ ಏಳ್ತೀಯ," ಅಂದಳು ಅಮ್ಮ.

ಅಪ್ಪ ನನ್ನ ಕಡೆ ತಿರುಗಿದ. ಗಾಳಿಯ ಸ್ಟಿಯರಿಂಗಿನ ಮೇಲೆ ಕೈ ಇನ್ನೂ ಹಾಗೇ ಇತ್ತು. "ಹೋಗ್ಲಿ ಬಿಡೇ," ಅಂದ ಅಮ್ಮನಿಗೆ. "ಇವತ್ತೊಂದು ದಿನ ಅವಳೂ ಕೂರ್ಲಿ. ಬಾರೇ ಮರಿ, ಆ ತಿರುವು ಇನ್ನೊಂದು ಸಲ ತಗೊಳ್ಳೋಣ."

ಅತ್ತಿಗೆ ಕುರ್ಚಿಯನ್ನು ನನ್ನ ಕಡೆ ಎಳೆದು ಹಿಡಿದಳು.

"ಒಂದು ದಿನಕ್ಕಾದ್ರೆ ಬೇಡ," ಅಂದೆ.