ಎಡಗಡೆಯ ಬ್ರೇಕು

“ಏ ಹುಡುಗಿ, ನಮ್ಮಣ್ಣನ್ನ ಕೆಡವ್ತೀಯೇನು!”

ಶಂಭುಲಿಂಗ ಕೂಗುವಷ್ಟರಲ್ಲಿ ಮಿನಿ ಲಾರಿ ಗಕ್ಕನೆ ನಿಂತಾಗಿತ್ತು. ಹಿಂದೆ ಹೂವಿನ ಶವವಿಮಾನದಲ್ಲಿ ಕೂರಿಸಿದ್ದ ತೋಟಪ್ಪನವರ ದೇಹ ಒಮ್ಮೆ ಮುಂದಕ್ಕೆ ಬಾಗಿ, ಕಟ್ಟಿದ್ದ ಬಿಳಿ ಪಂಚೆಯ ಬಿಗಿಗೆ ಮತ್ತೆ ನೆಟ್ಟಗಾಯಿತು. ಕೊರಳಿನ ಹಾರ ಜಾರಿ ತೊಡೆಯ ಮೇಲೆ ಬಿತ್ತು. ಮುಂದಿದ್ದ ಭಜನೆಯವರ ತಾಳ ತಪ್ಪಿತು.

ಸ್ಟೇರಿಂಗ್ ಹಿಡಿದಿದ್ದವಳು ದುರ್ಗಾ. ತಾನು ಬ್ರೇಕ್ ಒತ್ತಿರಲಿಲ್ಲ. ಪಕ್ಕಕ್ಕೆ ನೋಡಿದಳು. ಎಡಗಡೆಯ ಸೀಟಿನಲ್ಲಿ ಕುಳಿತಿದ್ದ ಶಂಭುಲಿಂಗನ ಹೊಸ ಚಪ್ಪಲಿ ಎರಡನೇ ಬ್ರೇಕಿನ ಮೇಲಿತ್ತು. ತೋಟಪ್ಪನವರ ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿಸುವವರಿಗೆಂದೇ ಇರುವ ಬ್ರೇಕು ಅದು. ಅಡ್ಡ ಬಂದ ಸೈಕಲ್ಲಿಗೆ ಬೆದರಿ ಆತ ಕಾಲು ಊರಿದ್ದ. ಊರಿದ್ದು ಬ್ರೇಕಿನ ಮೇಲೆಂದು ಆತನಿಗೇ ತಿಳಿದಂತಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವನಲ್ಲ.

‘ನೀವೇ ಒತ್ತಿದ್ರಿ’ ಎನ್ನಲು ಹೊರಟವಳು ಮಾತು ಬದಲಿಸಿದಳು.

“ತಪ್ಪಾತ್ರಿ,” ಎಂದಳು.

ಹಾರ ಸರಿಮಾಡಿದರು. ಗಾಡಿ ಮತ್ತೆ ಮೆಲ್ಲಗೆ ಹೊರಟಿತು. ಹೊಸಪೇಟೆಯ ಕಾಲುವೆ ಸೇತುವೆಗೆ ಇನ್ನು ಅರ್ಧ ಮೈಲಿ. ಅಲ್ಲಿ ಕಡಿದಾದ ಏರು. ಇನ್ನೊಂದು ಸಲ ಹೀಗೆ ಜಗ್ಗಿದರೆ ಪಂಚೆಯ ಗಂಟು ತಡೆಯುತ್ತದೆಯೋ ಇಲ್ಲವೋ. ಊರವರೆಲ್ಲರ ಕಣ್ಣೆದುರು ತೋಟಪ್ಪಣ್ಣಾರು ಮುಗ್ಗರಿಸಿ ಬಿದ್ದರೆ?

*

ಬೆಳಿಗ್ಗೆ ತೋಟಪ್ಪನವರ ಮನೆಯ ಮುಂದೆ ಗಾಡಿ ಯಾರು ನಡೆಸಬೇಕೆಂಬ ಮಾತು ನಡೆದಿತ್ತು.

“ಇಷ್ಟು ಮಂದಿ ಡ್ರೈವರ್ ಅದೀರಿ. ಗಂಡಸರು ಯಾರರೆ ಹತ್ರಿ,” ಎಂದಿದ್ದ ಶಂಭುಲಿಂಗ.

ಲಿಂಗರಾಜ್ ತಲೆ ಅಲ್ಲಾಡಿಸಿದ. ಒಂದು ಕಾಲಕ್ಕೆ ತೋಟಪ್ಪನವರ ಬಳಿಯೇ ಕೆಲಸಕ್ಕಿದ್ದವನು, ಈಗ ಟಿ.ಬಿ. ಡ್ಯಾಂ ರಸ್ತೆಯಲ್ಲಿ ಆತನದೇ ಸ್ಕೂಲಿದೆ. “ನಾ ಬಿಟ್ಟು ಆರು ವರ್ಷಾತ್ರಿ. ಈ ಮುದುಕಿ ಲಾರಿ ಕ್ಲಚ್ಚು ಎಲ್ಲಿ ಹಿಡಿತೈತಿ ಅಂಬದು ಈಗ ದುರ್ಗಾಗ ಒಬ್ಬಾಕಿಗೇ ಗೊತ್ತು.”

“ಅದಾ ನೋಡು ನಮ್ಮಣ್ಣನ ದಡ್ಡತನ. ಕೆಲಸಕ್ಕ ಬಂದೋರಿಗೆಲ್ಲ ಪೂರಾ ಕಲಿಸಿ ಬಿಟ್ಟ. ನಾಕು ಮಂದಿ ಎದುರಾಬದುರಾ ಬೋರ್ಡ್ ಹಾಕ್ಯಾರ.”

“ಆ ನಾಕರಾಗ ಒಬ್ಬ ನಾನಾ ರೀ,” ಎಂದ ಲಿಂಗರಾಜ್. ಒಂದಿಬ್ಬರು ನಗು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

ಒಳಗಿನಿಂದ ತೋಟಪ್ಪನವರ ಹೆಂಡತಿ ಮರುಳಸಿದ್ದಮ್ಮನ ದನಿ ಬಂತು. ಅತ್ತೂ ಅತ್ತೂ ಒಡೆದಿದ್ದ ದನಿ. “ದುರ್ಗಾನಾ ನಡಸ್ಲಿ. ಮತ್ತ ಮಾತು ಬ್ಯಾಡ.”

ಶಂಭುಲಿಂಗ ದುರ್ಗಾಳ ಹತ್ತಿರ ಬಂದು ಮೆಲ್ಲಗೆ ಹೇಳಿದ್ದ: “ಅತ್ತಿಗಿ ಮಾತಿಗೆ ಹೂಂ ಅಂದೀನಿ. ನಾಳಿಂದ ಇಸ್ಕೂಲು ನೋಡಾವ ನಾನು. ಇವತ್ತ ನಮ್ಮಣ್ಣನ್ನ ನೆಟ್ಟಗ ಮುಟ್ಟಿಸು. ಇಲ್ಲಾಂದ್ರ ಕೀಲಿ ಕೊಟ್ಟು ಅಲ್ಲಿಂದಾನಾ ಮನಿಗೆ ಹೋಗು.”

*

ಗಾಡಿಯ ಒಳಗನ್ನಡಿಯಲ್ಲಿ ತೋಟಪ್ಪನವರು ಕಾಣುತ್ತಿದ್ದರು. ಹಣೆಯ ತುಂಬ ವಿಭೂತಿ, ಚಕ್ಕಳಮಕ್ಕಳ ಹಾಕಿದ ಕಾಲು. ಅವರು ಹಾಗೆ ಕುಳಿತದ್ದನ್ನು ಅವಳು ಮೊದಲೂ ಒಮ್ಮೆ ನೋಡಿದ್ದಳು.

*

ಮಲಪನಗುಡಿಯಿಂದ ಬಂದು ಸ್ಕೂಲಿನ ಆಫೀಸಿನ ಕಸ ಹೊಡೆದು, ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದಳು ದುರ್ಗಾ. ಕ್ಲಾಸುಗಳು ಮುಗಿದ ಮೇಲೆ ದಿನಾ ಅರ್ಧ ಗಂಟೆ ತೋಟಪ್ಪ ಅವಳನ್ನು ಸ್ಟೇರಿಂಗಿಗೆ ಕೂರಿಸುತ್ತಿದ್ದರು. ಎಂಟು ತಿಂಗಳಾದರೂ ಅವಳ ಹೆದರಿಕೆ ಹೋಗಿರಲಿಲ್ಲ. ಒಂದು ಸಂಜೆ ಇದೇ ಕಾಲುವೆಯ ಏರಿನಲ್ಲಿ ಅವರು ಚಪ್ಪಲಿ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆ ಮಡಚಿ ಕುಳಿತುಬಿಟ್ಟರು.

“ಅಣ್ಣಾರ, ಕಾಲು ಕೆಳಗಿಡ್ರಿ! ಗಾಡಿ ಹಿಂದಕ್ಕ ಹೊಂಟೈತಿ!”

“ನನ್ನ ಕಾಲು ಅಲ್ಲಿರಾತನ ನಿನ್ನ ಕಾಲು ಕಲಿಯಂಗಿಲ್ಲವ್ವ.”

ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೇಗೋ ಏನೋ ಗಾಡಿ ಏರು ಹತ್ತಿತು. ಮೇಲೆ ಹೋಗಿ ನಿಲ್ಲಿಸಿದಾಗ ಅವಳು ಅವರ ಕಡೆ ನೋಡಿದಳು. ಮುಖ ನಗುತ್ತಿತ್ತು. ಆದರೆ ಮಡಚಿದ ಕಾಲಿನ ಬೆರಳುಗಳು ಮುದುಡಿಕೊಂಡಿದ್ದವು. ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಅಣ್ಣಾರಿಗೂ ಹೆದರಿಕೆಯಿತ್ತು.

ಮರುವಾರ ಅವಳನ್ನು ಎಡಗಡೆಯ ಸೀಟಿಗೆ ಕೂರಿಸಿ, ಕಲಿಯುವವರನ್ನು ಒಪ್ಪಿಸಿದರು.

*

ಸೇತುವೆಯ ಏರಿನ ನಡುವೆಯೇ ಭಜನೆ ನಿಂತಿತು. ಮುಂದೆ ನಡೆಯುತ್ತಿದ್ದ ಅಯ್ಯನವರು ಕೊಟ್ರಯ್ಯ ತೆಂಗಿನಕಾಯಿ ಒಡೆಯಲು ಬಾಗಿದರು. ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸಿದಳು. ಈ ಲಾರಿಯ ಹ್ಯಾಂಡ್ ಬ್ರೇಕು ಏರಿನಲ್ಲಿ ಹಿಡಿಯುವುದಿಲ್ಲ. ಅವಳು ಕಾಲಿನ ಬ್ರೇಕನ್ನು ಒತ್ತಿಯೇ ಹಿಡಿದಳು.

ಪಕ್ಕದಲ್ಲಿ ಹೊಸ ಚಪ್ಪಲಿ ಮತ್ತೆ ಅದೇ ಜಾಗಕ್ಕೆ ಸರಿಯಿತು.

“ಸಾಹುಕಾರ್ರ, ಕಾಲು ಮ್ಯಾಲ ತಗೀರಿ.”

“ಏನಂದಿ?”

“ಚಕ್ಕಳಮಕ್ಕಳ ಹಾಕಿ ಕುಂದ್ರಿ.” ತನ್ನ ದನಿ ತನ್ನದಲ್ಲವೆನಿಸಿತು ಅವಳಿಗೆ. “ಆಗಳೆ ಗಾಡಿ ನಿಂದ್ರಿಸಿದ್ದು ನಾನಲ್ರಿ. ನಿಮ್ಮ ಕಾಲು. ಈಗ ಒತ್ತಿದ್ರ ಅಣ್ಣಾರು ಬೀಳ್ತಾರ.”

ಶಂಭುಲಿಂಗ ಕೆಳಗೆ ನೋಡಿದ. ಆತನ ಮುಖದ ಬಣ್ಣ ಇಳಿಯಿತು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಮೇಲೆ ತೆಗೆದು, ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಕುಳಿತ.

ಕಾಯಿ ಒಡೆಯಿತು. ಕೊಟ್ರಯ್ಯ ಕೈಬೀಸಿದರು.

ದುರ್ಗಾ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಇನ್ನೂ ಹಿಡಿಯಲಿಲ್ಲ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಟ್ಟಳು. ಗಾಡಿ ಹಿಂದಕ್ಕೆ ಜಾರಿತು, ಒಂದು ಗೇಣು. ಅವಳ ಕಣ್ಣು ಹೊರಗನ್ನಡಿಗೆ ಹೋಯಿತು.

ಏರಿನುದ್ದಕ್ಕೂ ತೋಟಪ್ಪನವರ ಬಳಿ ಗಾಡಿ ಕಲಿತವರು ನಿಂತಿದ್ದರು. ಸಂಡೂರಿನ ಅದಿರು ಲಾರಿಯವರು, ಆಟೋದವರು, ಹೋದ ತಿಂಗಳಷ್ಟೇ ಲೈಸೆನ್ಸ್ ಪಡೆದ ನರ್ಸು, ಲಿಂಗರಾಜ್. ಯಾರೂ ಕೂಗಲಿಲ್ಲ. ಯಾರೂ ಲಾರಿಗೆ ಕೈ ಕೊಡಲು ಓಡಿ ಬರಲಿಲ್ಲ. ಅಷ್ಟೂ ಜನ ತಮಗೆ ಅರಿವಿಲ್ಲದೆಯೇ, ಬ್ರೇಕ್ ಒತ್ತುವಂತೆ, ಬಲಗಾಲನ್ನು ಡಾಂಬರಿಗೆ ಬಲವಾಗಿ ಒತ್ತಿ ಹಿಡಿದಿದ್ದರು.

ಕ್ಲಚ್ಚು ಹಿಡಿಯಿತು. ಲಾರಿ ಜಗ್ಗದೆ ಮುಂದಕ್ಕೆ ಹತ್ತಿದ ಮೇಲೂ ಆ ಕಾಲುಗಳು ಒಂದು ಗಳಿಗೆ ಅಲ್ಲೇ ಒತ್ತಿಕೊಂಡಿದ್ದವು.