ಗಿರಣಿಯ ಎರಡನೇ ಫೋಟೋ

ಕೊಯ್ಲು ಮುಗಿದು ಕಣಗಳು ಖಾಲಿಯಾಗಿದ್ದವು. ಬೆಳಗಿನ ಮಂಜು ಹರಿಯಬೇಕಾದರೆ ಹೊತ್ತು ಮಾರುದ್ದ ಏರಬೇಕಾಗಿತ್ತು. ಅಂಥ ಒಂದು ಬೆಳಿಗ್ಗೆ ಪಂಪ್ ಮೇಸ್ತ್ರಿ ಊರಾಚೆಯ ಬಾವಿಕಟ್ಟೆಯ ಮೇಲೆ ಕೂತು, ಮೇಲೆತ್ತಿದ ಪಂಪಿನ ಹೊಟ್ಟೆ ಬಿಚ್ಚಿ, ಸವೆದ ವಾಷರನ್ನು ಚಾಕುವಿನ ತುದಿಯಿಂದ ಕೆರೆದು ತೆಗೆಯುತ್ತಿದ್ದ. ಹೊಲದ ಯಜಮಾನ ಕಾಳಿನ ಮೂಟೆಯನ್ನು ಸೈಕಲ್ಲಿಗೆ ಕಟ್ಟಿ ಹೊರಟವನು ಒಂದು ಕಾಲು ನೆಲಕ್ಕೂರಿ ನಿಂತ.

"ಗಿರಣಿಗೆ ಹೋಗ್ತಿದೀನಪ್ಪ. ಬೀಸಿಸೋದಿದ್ರೆ ಈ ವಾರವೇ ಬೀಸಿಸ್ಕೋಬೇಕಂತೆ. ಮಾರಿಬಿಟ್ರಂತೆ."

"ಗಿರಣೀನಾ?"

"ಎಂಜಿನ್ನು, ಕಲ್ಲು, ಬೆಲ್ಟು ಎಲ್ಲಾ. ಗೋಡೆ ಮಾತ್ರ ಉಳಿಯುತ್ತಂತೆ."

ಮೇಸ್ತ್ರಿ "ಅಯ್ಯೋ ಪಾಪ" ಅಂದ. ಅಂದದ್ದು ಸುಳ್ಳಲ್ಲ. ಆದರೆ ಅವನ ಕಣ್ಣ ಮುಂದೆ ಬಂದದ್ದು ಗಿರಣಿಯಲ್ಲ, ಗಿರಣಿ ಮಾವನ ಬೀರುವಿನಲ್ಲಿದ್ದ ಕ್ಯಾಮೆರಾ.

ಮೇಸ್ತ್ರಿಗೆ ಹಳೆಯ ಫಿಲ್ಮ್ ಕ್ಯಾಮೆರಾಗಳ ಹುಚ್ಚು. ಗುಜರಿಯವನ ಚೀಲದಲ್ಲಿ, ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ, ಯಾರದೋ ತಾತನ ಪೆಟ್ಟಿಗೆಯಲ್ಲಿ ಎಲ್ಲಿ ಸಿಕ್ಕರೂ ತರುತ್ತಿದ್ದ. ತಂದದ್ದನ್ನು ಹಾಗೇ ಇಡುವ ಜಾತಿಯವನಲ್ಲ. ಬಿಚ್ಚುತ್ತಿದ್ದ. ಲೆನ್ಸಿನೊಳಗೆ ಜೇಡರಬಲೆಯ ಹಾಗೆ ಹಬ್ಬಿದ ಬೂಷ್ಟು ಒರೆಸುತ್ತಿದ್ದ, ಅಂಟಾದ ಹಳೆಯ ಗ್ರೀಸು ತೆಗೆದು ಹೊಸದು ಹಚ್ಚುತ್ತಿದ್ದ, ಶಟರಿನ ಸದ್ದನ್ನು ಕಿವಿಗೆ ಹಿಡಿದು ಕೇಳುತ್ತಿದ್ದ. ಆಮೇಲೆ ಫಿಲ್ಮ್ ಹಾಕಿ ಹಿತ್ತಿಲ ಇಟ್ಟಿಗೆ ಗೋಡೆಯ ಫೋಟೋ ತೆಗೆಯುತ್ತಿದ್ದ. ಅಂಚಿನ ಇಟ್ಟಿಗೆಯೂ ನಡುವಿನ ಇಟ್ಟಿಗೆಯಷ್ಟೇ ಚೂಪಾಗಿ ಬಂದರೆ ಲೆನ್ಸ್ ಒಳ್ಳೆಯದು ಅಂತ ಲೆಕ್ಕ.

"ಮದುವೆಯಾದಾಗಿಂದ ನನ್ನದೆಷ್ಟು ಫೋಟೋ ತೆಗೆದಿದೀರಿ, ಆ ಗೋಡೆದೆಷ್ಟು ತೆಗೆದಿದೀರಿ, ಎಣಿಸೋಣ ಬನ್ನಿ," ಅನ್ನುತ್ತಿದ್ದಳು ಹೆಂಡತಿ. "ಮುಂದಿನ ಜನ್ಮದಲ್ಲಿ ಇಟ್ಟಿಗೆಯಾಗಿ ಹುಟ್ತೀನಿ."

"ಗೋಡೆ ಅಲ್ಲಾಡಲ್ಲ ಕಣೇ."

"ಮಾತೂ ಆಡಲ್ಲ. ಅದಕ್ಕೇ ಅಷ್ಟು ಪ್ರೀತಿ."

ಗಿರಣಿ ಮಾವ ಮೇಸ್ತ್ರಿಗೆ ನೆಂಟರೇನಲ್ಲ. ಊರಿಗೆಲ್ಲ ಮಾವ, ಇವನಿಗೂ ಮಾವ. ಅವರ ಅಪ್ಪ ಗಿರಣಿ ಇಟ್ಟ ವರ್ಷವೇ ಕೊಂಡಿದ್ದ ಕ್ಯಾಮೆರಾ ಅದು. ಅಂಗೈಯಷ್ಟೇ ದೊಡ್ಡದು, ಆದರೆ ತೂಕದ ಕಲ್ಲಿನ ಹಾಗೆ ಭಾರ. ಲೆನ್ಸಿನ ಮೇಲೆ ಬೆಳಕು ಬಿದ್ದರೆ ತೆಳು ನೇರಳೆ ಹೊಳಪು. ಒಂದು ಗೀರಿಲ್ಲ, ಒಂದು ಚುಕ್ಕೆ ಬೂಷ್ಟಿಲ್ಲ. ಮೇಸ್ತ್ರಿ ಹಿಟ್ಟು ಬೀಸಿಸಲು ಹೋದಾಗಲೆಲ್ಲ ಅದನ್ನು ಕೈಗೆತ್ತಿಕೊಂಡು ನೋಡಿ, ಕೇಳಿ, ಸುಮ್ಮನೆ ಬರುತ್ತಿದ್ದ.

"ನಾನು ಸತ್ತ ಮೇಲೆ ಕೇಳು," ಅನ್ನುತ್ತಿದ್ದರು ಮಾವ.

"ಸತ್ತ ಮೇಲೆ ಯಾರನ್ನ ಕೇಳ್ಲಿ ಮಾವ?"

"ಅದು ನಿನ್ನ ತೊಂದರೆ."

ಬಾವಿಯ ಕೆಲಸ ಮುಗಿಸಿ ಅವತ್ತು ಮಧ್ಯಾಹ್ನವೇ ಮೇಸ್ತ್ರಿ ಗಿರಣಿಗೆ ಹೋದ. ಬಾಗಿಲವರೆಗೂ ಮೂಟೆಗಳ ಸಾಲು. ಮಾವನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲಾ ಹಿಟ್ಟು. ಇವನನ್ನು ಕಂಡದ್ದೇ ಅವರು ಕೈ ಒರೆಸಿಕೊಂಡು, ಪಕ್ಕದ ಮನೆಯೊಳಗೆ ಕರೆದೊಯ್ದು, ಬೀರು ತೆರೆದು ಕ್ಯಾಮೆರಾ ತೆಗೆದು ಇವನ ಕೈಗಿಟ್ಟರು.

"ಕೇಳೋಕೇ ಬಂದಿದೀಯ. ತಗೋ."

ಮೇಸ್ತ್ರಿ ಜೇಬಿಗೆ ಕೈ ಹಾಕಿದ.

"ದುಡ್ಡು ಬೇಡ. ಅದನ್ನ ನೋಡು," ಅಂತ ಗೋಡೆಯ ಕಡೆ ಕೈ ತೋರಿಸಿದರು.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಕಪ್ಪು-ಬಿಳುಪು ಫೋಟೋ. ಗಿರಣಿ ಶುರುವಾದ ದಿನ ಮಾವನ ಅಪ್ಪ ಗಿರಣಿಯ ಬಾಗಿಲಲ್ಲಿ ನಿಂತು ತೆಗೆದದ್ದು. ತಿರುಗುವ ಬೆಲ್ಟ್ ಹೊಗೆಯ ಹಾಗೆ ಕಾಣುತ್ತದೆ. ಮಾವನ ಅಮ್ಮ ಮೂಟೆಗೆ ಒರಗಿ ನಗುತ್ತಿದ್ದಾರೆ, ಮೂಗಿನ ತುದಿಯಲ್ಲಿ ಹಿಟ್ಟು. ಕಾಳು ಅಳೆಯುವ ಡಬ್ಬದೊಳಗೆ ಕೂತ ಒಂದು ಮಗು ಬಾಯಿ ತೆರೆದು ಎಂಜಿನ್ನನ್ನೇ ನೋಡುತ್ತಿದೆ.

"ಡಬ್ಬದಲ್ಲಿರೋದು ನಾನು," ಅಂದರು ಮಾವ. "ಮೊದಲ ದಿನದ್ದು ಅದು. ಕೊನೇ ದಿನದ್ದು ಇದೇ ಕ್ಯಾಮೆರಾದಲ್ಲಿ, ಅದೇ ಬಾಗಿಲಿಂದ ತೆಗೆದುಕೊಡು. ಗಿರಣಿ ತಿರುಗ್ತಾ ಇರಬೇಕು, ನಾನು ಪಕ್ಕದಲ್ಲಿ ನಿಂತಿರಬೇಕು. ಎರಡನ್ನೂ ಜೋಡಿ ಹಾಕ್ತೀನಿ. ಆಮೇಲೆ ಕ್ಯಾಮೆರಾ ನಿನ್ನದು."

"ಫೋನಲ್ಲೂ ಒಂದು..."

"ಫೋನಲ್ಲಿ ನನ್ನ ಮೊಮ್ಮಗಳು ಬೆಕ್ಕಿನ ಫೋಟೋನೇ ನೂರು ತೆಗೆದಿಟ್ಟಿದಾಳೆ. ನನ್ನ ಗಿರಣಿ ಆ ಬೆಕ್ಕಿನ ಮಧ್ಯೆ ಬೇಡ."

ಮುಂದಿನ ದಿನಗಳಲ್ಲಿ ಮೇಸ್ತ್ರಿಗೆ ಬೇರೆ ಕೆಲಸದ ಮೇಲೆ ಗಮನವಿರಲಿಲ್ಲ. ಕ್ಯಾಮೆರಾದ ಬೆನ್ನು ಬಿಚ್ಚಿ ಒಳಗೆಲ್ಲ ಒರೆಸಿದ. ನಿಧಾನದ ವೇಗಗಳಲ್ಲಿ ಶಟರು ಚೂರು ಎಳೆಯುತ್ತಿತ್ತು, ಸರಿಮಾಡಿದ. ಗಿರಣಿಯೊಳಗಿನ ಬೆಳಕನ್ನು ಎರಡು ಸಲ ಹೋಗಿ ಅಳೆದು ಬಂದ. ಅವನಿಗೆ ಹೆದರಿಕೆಯಿದ್ದದ್ದು ಒಂದೇ, ಹಿಟ್ಟಿನ ಧೂಳು. ಲೆನ್ಸಿನ ಸುತ್ತುಗಳಲ್ಲಿ ಒಮ್ಮೆ ಸೇರಿಕೊಂಡರೆ ಆ ಹಿಟ್ಟು ಬೂಷ್ಟಿಗೆ ಊಟ. ಅದಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಕ್ಯಾಮೆರಾಗೊಂದು ಅಂಗಿ ಹೊಲಿದ. ಲೆನ್ಸಿನ ಬಾಯಿ, ನೋಡುವ ಕಿಂಡಿ, ಒತ್ತುವ ಗುಂಡಿ, ಫಿಲ್ಮನ್ನು ಮುಂದೆ ಸರಿಸುವ ಸನ್ನೆ ಅನ್ನುವ ಪುಟ್ಟ ಲಿವರ್ ಇಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿ ರಬ್ಬರ್ ಬ್ಯಾಂಡ್ ಬಿಗಿದ.

"ಹಸುಗೂಸಿಗೂ ಯಾರೂ ಹೀಗೆ ಕುಲಾವಿ ಹಾಕಲ್ಲ," ಅಂದಳು ಹೆಂಡತಿ.

ಫಿಲ್ಮ್ ಹಾಕುವುದರಲ್ಲಿ ಮೇಸ್ತ್ರಿಗೆ ಒಂದು ಅಭ್ಯಾಸವಿತ್ತು. ಫಿಲ್ಮಿನ ಮೊದಲ ತುದಿಗೆ ನಾಲಿಗೆ ಅನ್ನುತ್ತಾರೆ. ಅದನ್ನು ಎದುರಿನ ಸುರುಳಿಯ ಸೀಳಿಗೆ ಸಿಕ್ಕಿಸಿ, ಫಿಲ್ಮಿನ ಎರಡೂ ಅಂಚಿನ ತೂತುಗಳು ಹಲ್ಲುಗಳಿಗೆ ಸಿಕ್ಕುವವರೆಗೆ ಸುತ್ತಿ, ಆಮೇಲೆ ಬೆನ್ನು ಮುಚ್ಚಬೇಕು. ಅಷ್ಟು ಸುತ್ತಿದರೆ ಎರಡು ಫೋಟೋದಷ್ಟು ಫಿಲ್ಮ್ ಬೆಳಕಿಗೆ ಬಿದ್ದು ದಂಡ. ಮೇಸ್ತ್ರಿ ಉಗುರಿನಷ್ಟು ನಾಲಿಗೆ ಮಾತ್ರ ಸಿಕ್ಕಿಸಿ ತಟ್ಟನೆ ಮುಚ್ಚಿಬಿಡುತ್ತಿದ್ದ. ಹೀಗೆ ಪ್ರತಿ ರೋಲಿನಲ್ಲೂ ಎರಡು ಫೋಟೋ ಜಾಸ್ತಿ ಎಬ್ಬಿಸುವುದು ಅವನ ಹೆಮ್ಮೆ. ಹಿಡಿದಿದೆಯೋ ಇಲ್ಲವೋ ತಿಳಿಯಲು ಒಂದು ಗುರುತಿದೆ. ಸನ್ನೆ ಎಳೆದಾಗ ಕ್ಯಾಮೆರಾದ ಎಡತುದಿಯ ನಾಬ್ ತಾನಾಗಿ ತಿರುಗಬೇಕು. ಅದನ್ನು ನೋಡದೆ ಅವನು ಯಾವತ್ತೂ ಫೋಟೋ ತೆಗೆದವನಲ್ಲ. ಈ ಸಲ ಆ ನಾಬ್ ಪ್ಲಾಸ್ಟಿಕ್ ಅಂಗಿಯ ಒಳಗಿತ್ತು.

ಕೊನೆಯ ದಿನ ಗಿರಣಿಯ ಮುಂದೆ ಕೊಂಡವರ ಲಾರಿ ಬೆಳಿಗ್ಗೆಯೇ ಬಂದು ನಿಂತಿತ್ತು. ಆಳುಗಳು ಸ್ಪಾನರ್ ಹಿಡಿದು ನೆರಳಲ್ಲಿ ಕೂತಿದ್ದರು. ಮಧ್ಯಾಹ್ನದವರೆಗೆ ಓಡಿಸಿ ಬಿಚ್ಚುವುದು ಅಂತ ಮಾತಾಗಿತ್ತು. ಮೇಸ್ತ್ರಿಯ ಹೆಂಡತಿಯೂ ತನ್ನ ಪಾಲಿನ ಕಾಳು ಹೊತ್ತು ಬಂದಿದ್ದಳು.

ಮಾವ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿದ್ದರು. ಎಂಜಿನ್ ಕೆಮ್ಮಿ, ಉಸಿರು ಹಿಡಿದು, ಓಡಿತು. ನೆಲ ನಡುಗಿತು. ಮೇಸ್ತ್ರಿ ಹೊಸ್ತಿಲ ಮೇಲೆ ಮಂಡಿಯೂರಿ, ಹಳೆಯ ಫೋಟೋ ತೆಗೆದ ಜಾಗವನ್ನೇ ಹುಡುಕಿ ಕೂತ. ಮಾಡಿನ ಗಾಜಿನ ಹಂಚಿನಿಂದ ಬಿದ್ದ ಬಿಸಿಲ ಕೋಲಿನಲ್ಲಿ ಹಿಟ್ಟು ಕುಣಿಯುತ್ತಿತ್ತು. ಮಾವ ಒಂದು ಕೈ ಕಾಳಿನ ಡಬ್ಬದ ಮೇಲಿಟ್ಟು ನಿಂತರು. ನಗಲಿಲ್ಲ, ಅಳಲಿಲ್ಲ, ಬೀಳುತ್ತಿದ್ದ ಹಿಟ್ಟನ್ನು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದರು. ಅದೇ ಹೊತ್ತಿಗೆ ಮೇಸ್ತ್ರಿ ಗುಂಡಿ ಒತ್ತಿದ. ಸನ್ನೆ ಎಳೆದ, ಮತ್ತೆ ಒತ್ತಿದ. ಇಂಥ ಫೋಟೋ ತನ್ನ ಕೈಯಿಂದ ಇನ್ನೊಂದು ಬರಲಾರದು ಅಂತ ಅವನಿಗೆ ಅಲ್ಲೇ ಗೊತ್ತಾಯಿತು.

ಅವನು ಎದ್ದು ಪಕ್ಕಕ್ಕೆ ಸರಿದಾಗ ಹೆಂಡತಿ ಅದೇ ಹೊಸ್ತಿಲಲ್ಲಿ ನಿಂತು ಫೋನಿನಲ್ಲೊಂದು ತೆಗೆದುಕೊಂಡಳು. ಅವನು ನೋಡಿ ನಕ್ಕ.

ಮನೆಗೆ ಬಂದು ಕ್ಯಾಮೆರಾದ ಅಂಗಿ ಬಿಚ್ಚಿ, ಫಿಲ್ಮನ್ನು ಡಬ್ಬಿಯೊಳಕ್ಕೆ ಹಿಂದಕ್ಕೆ ಸುತ್ತಲು ನಾಬ್ ಹಿಡಿದು ತಿರುಗಿಸಿದ. ಬಿಗಿ ಇರಲಿಲ್ಲ. ಮತ್ತೊಂದು ಸುತ್ತು ತಿರುಗಿಸಿದ. ಬಾವಿಗೆ ಬಿಟ್ಟ ಕೊಡ ಹಗ್ಗದಿಂದ ಕಳಚಿ ಬಿದ್ದಾಗ ಕೈಗೆ ಹೇಗೆ ಗೊತ್ತಾಗುತ್ತದೋ ಹಾಗೆ ಅವನ ಬೆರಳಿಗೆ ಗೊತ್ತಾಯಿತು. ಫಿಲ್ಮ್ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ.

ಹೆಂಡತಿ ಏನಾಯಿತು ಅಂತ ಕೇಳುವಷ್ಟರಲ್ಲಿ ಅವನು ಬೈಕ್ ಹತ್ತಿದ್ದ.

ಗಿರಣಿಯಲ್ಲಿ ಬೆಲ್ಟ್ ನೆಲದ ಮೇಲೆ ಹಾವಿನ ಪೊರೆಯ ಹಾಗೆ ಬಿದ್ದಿತ್ತು. ಕಲ್ಲುಗಳು ಆಗಲೇ ಲಾರಿಯಲ್ಲಿದ್ದವು. ಆಳುಗಳು ಎಂಜಿನ್ನಿನ ಕೊನೆಯ ಬೋಲ್ಟಿಗೆ ಎಣ್ಣೆ ಬಿಡುತ್ತಿದ್ದರು. ಮಾವ ಬೆವರೊರೆಸಿಕೊಳ್ಳುತ್ತ ಬಂದರು.

"ಹೇಗೆ ಬಂದಿದೆ?"

"ಫಿಲ್ಮ್ ಇನ್ನೂ ತೊಳೀಬೇಕು ಮಾವ," ಅಂದ ಮೇಸ್ತ್ರಿ. ಹೇಳಲು ಬಂದದ್ದನ್ನು ಹೇಳದೆ ಬೈಕ್ ತಿರುಗಿಸಿದ.

ಮನುಷ್ಯನ ಆಸೆಗೆ ಬುದ್ಧಿಯಿಲ್ಲ. ಬಚ್ಚಲು ಕತ್ತಲು ಮಾಡಿಕೊಂಡು ಮದ್ದಿನ ನೀರಿನಲ್ಲಿ ಆ ಫಿಲ್ಮನ್ನು ತೊಳೆದೇ ತೊಳೆದ. ಉದ್ದಕ್ಕೂ ಗಾಜಿನಂತೆ ತಿಳಿಯಾಗಿತ್ತು. ಅಂಚಿನಲ್ಲಿ ಕಾರ್ಖಾನೆಯವರ ಅಂಕಿಗಳು ಮಾತ್ರ ಒಂದರ ಹಿಂದೊಂದು ಸರಿಯಾಗಿ ಮೂಡಿದ್ದವು.

ಹೆಂಡತಿ ಅದನ್ನು ಕಿಟಕಿಗೆ ಹಿಡಿದು ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ. ಫೋನ್ ತಂದು ತೋರಿಸಿದಳು. ಹೊಸ್ತಿಲಿನಿಂದ ತೆಗೆದದ್ದು, ಬೆಲ್ಟ್, ಬಿಸಿಲ ಕೋಲು, ಮಾವ, ಎಲ್ಲಾ ಇದ್ದವು.

"ಇದನ್ನೇ ಕಪ್ಪು-ಬಿಳುಪು ಮಾಡಿಸಿ ಕೊಟ್ಬಿಡಿ. ಅವರಿಗೇನು ಗೊತ್ತಾಗುತ್ತೆ? ಅವರಿಗೂ ಸಮಾಧಾನ, ನಿಮಗೂ ಕ್ಯಾಮೆರಾ."

"ಅದೇ ಕ್ಯಾಮೆರಾದಲ್ಲಿ ಅಂದಿದ್ರು."

"ಕ್ಯಾಮೆರಾ ಬಂದು ಸಾಕ್ಷಿ ಹೇಳುತ್ತಾ?"

ಪೇಟೆಯ ಸ್ಟುಡಿಯೋದಲ್ಲಿ ಅದನ್ನು ದೊಡ್ಡದಾಗಿ ಹಾಕಿಸಿದ. ಚೆನ್ನಾಗಿಯೇ ಬಂತು. ಕ್ಯಾಮೆರಾದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಫೋಟೋವನ್ನು ಕವರಿನಲ್ಲಿಟ್ಟುಕೊಂಡು ಹೊರಟ. ಕೊಡುವುದೆಂದೇ ಹೊರಟದ್ದು. 

ಮಾವ ಗಿರಣಿಯೊಳಗೆ ಒಬ್ಬರೇ ತೊಲೆಗಳ ಮೇಲಿನ ಹಿಟ್ಟು ಗುಡಿಸುತ್ತಿದ್ದರು. ಎಂಜಿನ್ ಇದ್ದ ಜಾಗದಲ್ಲಿ ಎಣ್ಣೆ ಕುಡಿದು ಕಪ್ಪಾದ ನೆಲ.

"ತಂದ್ಯಾ?" ಅಂದರು. ಪೊರಕೆ ಕೆಳಗಿಟ್ಟು, ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದರು.

ಕೊಡುವುದೆಂದು ಬಂದವನಿಗೆ ಆ ಕೈಗಳನ್ನು ಕಂಡು ಕವರು ಮುಂದೆ ಮಾಡಲು ಆಗಲಿಲ್ಲ.

"ಬಂದಿಲ್ಲ ಮಾವ."

"ಇನ್ನೂ ತೊಳೆದಿಲ್ವಾ?"

"ತೊಳೆದೆ. ಏನೂ ಇಲ್ಲ. ಫಿಲ್ಮ್ ಹಲ್ಲಿಗೆ ಸಿಕ್ಕಿರ್ಲಿಲ್ಲ. ನಾನು ನಾಲಿಗೆ ಕಮ್ಮಿ ಹಾಕಿದ್ದೆ."

"ಯಾಕೆ ಕಮ್ಮಿ ಹಾಕ್ದೆ?"

"ಎರಡು ಫೋಟೋ ಜಾಸ್ತಿ ಸಿಗ್ಲಿ ಅಂತ."

ಮಾವ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು.

"ನನಗೆ ಬೇಕಾಗಿದ್ದಿದ್ದು ಒಂದೇ," ಅಂದರು. ಆಮೇಲೆ, "ಆ ಕವರಲ್ಲೇನು?"

ಮೇಸ್ತ್ರಿ ತೆಗೆದು ತೋರಿಸಿದ. ಮಾವ ಬಾಗಿಲ ಬೆಳಕಿಗೆ ಹೋಗಿ, ಕೈ ಉದ್ದ ಮಾಡಿ, ಹತ್ತಿರ ತಂದು, ಬಹಳ ಹೊತ್ತು ನೋಡಿದರು.

"ಚೆನ್ನಾಗೇ ಇದೆಯಲ್ಲ."

"ನನ್ನ ಹೆಂಡತಿ ಫೋನಲ್ಲಿ ತೆಗೆದದ್ದು."

"ಇದನ್ನೇ ಕೊಟ್ಟು ಬಾಯಿ ಮುಚ್ಕೊಂಡಿರಬಹುದಾಗಿತ್ತು."

"ಹಾಗಂತಲೇ ಮಾಡಿಸಿದ್ದು. ಮನಸ್ಸು ಬರ್ಲಿಲ್ಲ ಮಾವ."

"ನಿನ್ನ ಮನಸ್ಸು!" ಮಾವನ ದನಿ ಏರಿತು. "ನಿನ್ನ ತಲೆ ಮೇಲಿನ ಮೂಟೆ ಇಳಿಸಿ ನನ್ನ ತಲೆ ಮೇಲಿಟ್ಟೆ. ಹೇಳದೇ ಇದ್ದಿದ್ರೆ ನಾನು ಇದನ್ನ ಅಪ್ಪನ ಪಕ್ಕ ಹಾಕ್ಕೊಂಡು ಸಾಯೋತನಕ ನೋಡ್ತಿದ್ದೆ. ಈಗ ಹೇಗೋ ಹಾಕ್ಲಿ?"

ಮೇಸ್ತ್ರಿ ತಲೆ ತಗ್ಗಿಸಿದ. "ಕೊಂಡವರು ತಮ್ಮೂರಲ್ಲಿ ಮತ್ತೆ ಕೂರಿಸ್ತಾರಂತಲ್ಲ. ಅಲ್ಲಿಗೆ ಹೋಗಿ..."

"ಅಲ್ಲಿ ತಿರುಗಿದ್ರೆ ಅದು ಅವರ ಗಿರಣಿ."

ಮೇಸ್ತ್ರಿ ಚೀಲ ಬಿಚ್ಚಿ ಕ್ಯಾಮೆರಾ ತೆಗೆದು ಅವರ ಮುಂದಿನ ಸ್ಟೂಲಿನ ಮೇಲಿಟ್ಟ. ಮಾವ ಅದನ್ನೆತ್ತಿ ಸನ್ನೆ ಎಳೆದು ಗುಂಡಿ ಒತ್ತಿದರು. ಚಿಟಕ್ ಅಂದಿತು.

"ಎಲ್ಲಾ ತೆಗೆದ ಹಾಗೇ ಸದ್ದು ಮಾಡುತ್ತೆ, ಸುಳ್ಳುಬುರುಕ," ಅಂದರು. ಬೈದದ್ದು ಕ್ಯಾಮೆರಾವನ್ನೋ ಅವನನ್ನೋ ಅವನು ಕೇಳಲಿಲ್ಲ. "ಇದು ಇಲ್ಲೇ ಇರ್ಲಿ. ನಿನ್ನಿಂದ ನನಗೊಂದು ಫೋಟೋ ಬಾಕಿ ಇದೆ. ತೀರಿಸಿದ ದಿನ ತಗೊಂಡು ಹೋಗು."

"ಯಾವ ಫೋಟೋ ತೆಗೆದ್ರೆ ತೀರುತ್ತೆ ಮಾವ?"

"ನನಗೇನು ಗೊತ್ತು? ಯೋಚನೆ ಮಾಡ್ಬೇಕು." ಕೈಯಲ್ಲಿದ್ದ ಫೋಟೋವನ್ನು ಕವರಿಗೆ ತುರುಕಿ ಹಿಂದಕ್ಕೆ ಕೊಟ್ಟರು. "ಇದನ್ನ ನಿನ್ನ ಹೆಂಡತಿಗೆ ಕೊಡು. ತೆಗೆದವಳು ಅವಳು. ಕೈ ಒಳ್ಳೆಯದಿದೆ ಅಂತ ಹೇಳು."

ಮಂಜಿನ ದಿನಗಳು ಕಳೆದು ಬಾವಿಗಳಲ್ಲಿ ನೀರು ಇಳಿಯತೊಡಗಿತು. ಪಂಪುಗಳನ್ನು ಒಂದೊಂದು ಕೊಳವೆಯಷ್ಟು ಕೆಳಗಿಳಿಸುವ ಕೆಲಸ ಶುರುವಾಗಿ ಮೇಸ್ತ್ರಿಗೆ ಬಿಡುವಿರಲಿಲ್ಲ. ಕೆಲಸಕ್ಕೆ ಹೋಗುವ ದಾರಿ ಗಿರಣಿಯ ಮುಂದೆಯೇ. ಮಾವ ಈಗ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಮೇಸ್ತ್ರಿ ಅಲ್ಲಿಗೆ ಬಂದಾಗ ಬೈಕ್ ನಿಧಾನ ಮಾಡಿ ಅವರ ಮುಖ ನೋಡುತ್ತಿದ್ದ. ಮಾವ ಕೂತಲ್ಲಿಂದಲೇ, ಯಾವ ಫೋಟೋ ಅನ್ನೋದು ಇನ್ನೂ ಹೊಳೆದಿಲ್ಲ ಅನ್ನುವಂತೆ ತಲೆಯಾಡಿಸುತ್ತಿದ್ದರು. ಮೇಸ್ತ್ರಿ ಗೇರ್ ಬದಲಿಸಿ ಮುಂದೆ ಹೋಗುತ್ತಿದ್ದ.